ಕಟ್ಟಡ ಎಲ್ಲಿದೆ ಸ್ವಾಮಿ?

ಹಾಸನದ ಸಾಲಗಾಮೆ ರಸ್ತೆ ಬದಿಯಲ್ಲಿ ನಮ್ಮದೊಂದು ಕಟ್ಟಡ ಇದೆ. ಕೆಳಗೆ ಬೇಕರಿ, ಮೇಲೆ ಡಾಕ್ಟ್ರ ಕ್ಲಿನಿಕ್. ಗೋಡೆಗೆ ಯಾವ ಬಣ್ಣ ಹೊಡೆಸಿದ್ದೆ ಅನ್ನೋದು ನನಗೇ ಮರೆತುಹೋಗಿದೆ. ಕಂಡರೆ ತಾನೇ ನೆನಪಿರೋದು!

ಮೊದಲು ಬಂದಿದ್ದು ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಗಡೆ. ಒಳ್ಳೇದೇ, ಬೇಡ ಅಂದವರು ಯಾರು? ಆದರೆ ನಮ್ಮ ಬೇಕರಿಯವರ ಬೋರ್ಡ್ ಹುಟ್ಟಿದಾಗಿಂದ ಪೂರ್ತಿ ಕನ್ನಡದ್ದೇ. 'ಹಾಗಾದ್ರೆ ಉಳಿದ 40ಕ್ಕೆ ಏನು ಬರೆಸೋದು ಸಾರ್?' ಅಂತ ಅವರು ಚಿಂತೆಗೆ ಬಿದ್ದರು. ಬೋರ್ಡ್ ಬರೆಯುವವನು ಟೇಪ್ ಹಿಡಿದು ಅಕ್ಷರ ಅಳೆಯುತ್ತಾ ಅರ್ಧಕ್ಕೆ ನಿಂತ. 'ಬೇಕರಿ ಅನ್ನೋದು ಕನ್ನಡವೋ ಇಂಗ್ಲಿಷೋ? ಇದನ್ನ ಯಾವ ಲೆಕ್ಕಕ್ಕೆ ಹಾಕಲಿ?'

ಅಷ್ಟರಲ್ಲಿ ಮೇಲಿನವರ ಸರದಿ. ಖಾಸಗಿ ಆಸ್ಪತ್ರೆಗಳ ಕಾಯ್ದೆ 2007ರದ್ದು, ಹಳೇದು. ಈಗ ನೋಂದಣಿ ಸಂಖ್ಯೆ ಬೋರ್ಡ್ ಮೇಲೆ ಕಾಣಬೇಕು, ಅಲೋಪತಿಗೆ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು. ದರಪಟ್ಟಿ ಬೇರೆ, ರೋಗಿಗಳ ಹಕ್ಕಿನ ಪಟ್ಟಿ ಬೇರೆ. ನಕಲಿ ಡಾಕ್ಟರುಗಳನ್ನು ಹಿಡಿಯೋಕಂತೆ, ಸರಿ. ನಮ್ಮ ಡಾಕ್ಟ್ರು ಅಲೋಪತಿ, ಅವರ ಮನೆಯವರು ಆಯುರ್ವೇದ, ಇಬ್ಬರಿಗೂ ಒಂದೇ ಬಾಗಿಲು. ಅರ್ಧ ನೀಲಿ ಅರ್ಧ ಹಸಿರು ಬೋರ್ಡ್ ಏರಿದ ಮಾರನೇ ದಿನವೇ ಒಬ್ಬರು ಮೆಟ್ಟಿಲು ಹತ್ತಿ ಬಂದು ಇದು ಯಾವ ಪಕ್ಷದ ಕಚೇರಿ ಅಂತ ಕೇಳಿದರು.

2025ರ ಜುಲೈನಲ್ಲಿ ಇನ್ನೊಂದು ಬೋರ್ಡ್. ಬೆಂಗಳೂರಿನ ಬೇಕರಿಗಳಲ್ಲಿ ನಮ್ಮ ಹಾಸನದವರು ಎಷ್ಟಿದ್ದಾರೆ ಅಂತ ನಿಮಗೆ ಗೊತ್ತಲ್ವಾ, ಅಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂತು ಅಂದ ತಕ್ಷಣ ಇಲ್ಲಿಗೂ ನಡುಕ ಬಂತು. ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಆಗಬೇಕಂತೆ. ನಮ್ಮವರ ವ್ಯಾಪಾರ ಅಲ್ಲಿಗೆ ಮುಟ್ಟೋದು ಕನಸಿನಲ್ಲಿ ಮಾತ್ರ. ಆದರೂ ಕ್ಯೂಆರ್ ಕೋಡ್ ಮೇಲೆ ರಟ್ಟು ಅಂಟಿಸಿ 'ಕ್ಯಾಶ್ ಮಾತ್ರ' ಅಂತ ಬರೆದೇಬಿಟ್ಟರು. ಹಳೇ ಬಾಕಿ ಕೇಳಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದರೂ ರಟ್ಟು ಇಳಿಯಲಿಲ್ಲ.

ಇನ್ನು ನನ್ನ ಕಥೆ. ಕಟ್ಟಡದಲ್ಲಿ ತಮ್ಮನ ಪಾಲು ಬರೆದುಕೊಡೋಣ ಅಂದರೆ ಇ-ಖಾತೆ, ಅಂದ್ರೆ ಕಂಪ್ಯೂಟರಿನಲ್ಲಿರೋ ಆಸ್ತಿ ದಾಖಲೆ, ಇಲ್ಲದೆ ನೋಂದಣಿ ಇಲ್ಲ. ಅಪ್ಪ ಕಟ್ಟಿಸಿದ ಕಟ್ಟಡ ನಮ್ಮದೇ ಅಂತ ನಂಬಿಸೋಕೆ ಕ್ರಯಪತ್ರ, ಋಣಭಾರ ಪತ್ರ, ಕಂದಾಯದ ರಸೀದಿ, ಆಧಾರ್ ಎಲ್ಲ ಕೊಟ್ಟೆ. ಕೊನೆಗೆ ಖಾತೆ ಆಫೀಸಿನವರು ಕಟ್ಟಡದ ಫೋಟೋ ಕೇಳಿದರು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಚೆನ್ನಾಗಿಯೇ ತೆಗೆದುಕೊಟ್ಟೆ.

ಅವರು ಫೋಟೋ ಹಿಗ್ಗಿಸಿ ನೋಡಿದರು. ಕುಗ್ಗಿಸಿ ನೋಡಿದರು.

'ಬರೀ ಬೋರ್ಡ್ ಇದೆಯಲ್ಲ ಸ್ವಾಮಿ, ಕಟ್ಟಡ ಎಲ್ಲಿದೆ?'

ಒಂದು ಗಂಟೆ ಮಟ್ಟಿಗೆ ಎಲ್ಲ ಬೋರ್ಡ್ ಬಿಚ್ಚಿಕೊಡಪ್ಪ ಅಂತ ಬೋರ್ಡಿನವನಿಗೆ ಫೋನ್ ಮಾಡಿದೆ. ಬಿಚ್ಚೋಕೊಂದು ರೇಟು, ಮತ್ತೆ ಹಾಕೋಕೊಂದು ರೇಟು ಅಂದ. ಫೋನ್ ಇಡೋ ಮುಂಚೆ ಇನ್ನೊಂದು ಮಾತು ಸೇರಿಸಿದ.

'ಕ್ಯಾಶ್ ಕೊಟ್ಬಿಡಿ ಸಾರ್.'