ಗೋಪುರ ಇಲ್ಲದ ಚರ್ಚಿನ ಐದು ಗಂಟೆಗಳು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚ್ ಗಂಟೆ ಸದ್ದಿನ ಜಗಳ ಆಗಾಗ ಕಿವಿಗೆ ಬೀಳುತ್ತದೆ. ಊರಿಗೆ ಹೊಸದಾಗಿ ಬಂದವರು ನಿದ್ದೆ ಕೆಡುತ್ತದೆ ಅಂತ ದೂರು ಕೊಡುತ್ತಾರೆ. ಹಳಬರು ಸಿಟ್ಟಾಗುತ್ತಾರೆ. ನಾನು ಗಂಟೆಗಳ ಕಡೆ. ಯಾಕೆ ಅಂತ ಹೇಳೋಕೆ ಒಂದು ಊರಿನ ಕತೆ ಹೇಳಬೇಕು.

ಸಫೋಕ್ ಸೀಮೆಯ ಈಸ್ಟ್ ಬರ್ಗೋಲ್ಟ್. ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1776ರಲ್ಲಿ ಹುಟ್ಟಿದ ಊರು. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲೇ ಅವನ ಅಪ್ಪ ಅಮ್ಮನ ಸಮಾಧಿ ಇದೆ. ಆ ಚರ್ಚಿಗೆ 1525ರಲ್ಲಿ ಗೋಪುರ ಕಟ್ಟಲು ಶುರು ಮಾಡಿದರು. ಆಗ ರಾಜ ಎಂಟನೇ ಹೆನ್ರಿಯ ಬಲಗೈಯಂತಿದ್ದ ಕಾರ್ಡಿನಲ್ ವುಲ್ಸಿ ಅದಕ್ಕೆ ಬೆನ್ನೆಲುಬು ಅನ್ನುತ್ತಾರೆ. ವುಲ್ಸಿ ಹತ್ತಿರದ ಇಪ್ಸ್‌ವಿಚ್‌ನವನೇ. ರಾಜನಿಗೆ ಬೇಕಿದ್ದ ವಿಚ್ಛೇದನ ಕೊಡಿಸಲು ಅವನ ಕೈಲಿ ಆಗಲಿಲ್ಲ. ಅಧಿಕಾರ ಹೋಯಿತು, 1530ರಲ್ಲಿ ಪ್ರಾಣವೂ ಹೋಯಿತು. ಗೋಪುರದ ಕೆಲಸ ಅಲ್ಲಿಗೇ ನಿಂತಿತು. ಆ ಮೊಂಡು ಗೋಪುರ ಇವತ್ತಿಗೂ ಹಾಗೇ ಇದೆ.

ಗಂಟೆಗಳನ್ನು ಎಲ್ಲಿಡುವುದು? ಮುಂದಿನ ವರ್ಷ, 1531ರಲ್ಲಿ, ಚರ್ಚಿನ ಅಂಗಳದಲ್ಲೇ ಮರದ ಒಂದು ಮನೆ ಕಟ್ಟಿದರು. ದೊಡ್ಡ ಇಳಿಜಾರು ಮಾಡು, ಗಾಳಿ ಆಡುವ ಮರದ ಪಟ್ಟಿಗಳ ಗೋಡೆ. ಗೋಪುರ ಮುಗಿಯೋವರೆಗೆ ಇರಲಿ ಅಂತ ಮಾಡಿದ ತಾತ್ಕಾಲಿಕ ಏರ್ಪಾಡು. ಐನೂರು ವರ್ಷ ಆಗುತ್ತಾ ಬಂತು, ಗಂಟೆಗಳು ಅಲ್ಲೇ ಇವೆ. ಊರವರು ಅದನ್ನು ಬೆಲ್ ಕೇಜ್, ಅಂದರೆ ಗಂಟೆ ಪಂಜರ ಅನ್ನುತ್ತಾರೆ.

ಬೇರೆ ಚರ್ಚುಗಳಲ್ಲಿ ಗಂಟೆ ಎಲ್ಲೋ ಮೇಲೆ, ಬಾರಿಸುವವರು ಕೆಳಗೆ ಹಗ್ಗ ಹಿಡಿದು ನಿಂತಿರುತ್ತಾರೆ. ಗಂಟೆ ಅವರ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಹಗ್ಗವೂ ಇಲ್ಲ, ಚಕ್ರವೂ ಇಲ್ಲ. ಒಬ್ಬೊಬ್ಬರು ಒಂದೊಂದು ಗಂಟೆಯ ಪಕ್ಕ ನಿಲ್ಲುತ್ತಾರೆ. ಗಂಟೆ ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಅದನ್ನು ಬಿಗಿದಿರುವ ದಪ್ಪ ಮರದ ದಿಮ್ಮಿಗೆ ಎರಡೂ ಕೈ ಕೊಟ್ಟು ತಳ್ಳುತ್ತಾರೆ. ಗಂಟೆ ಕೆಳಗೆ ಬಿದ್ದು, ಸುತ್ತು ಹಾಕಿ, ಮತ್ತೆ ಬಾಯಿ ಮೇಲೆ ಮಾಡುವ ಹೊತ್ತಿಗೆ ದಿಮ್ಮಿಯನ್ನು ಹಿಡಿದು ತಡೆಯಬೇಕು. ಆಮೇಲೆ ವಾಪಸ್ ತಳ್ಳಬೇಕು. ಐದರಲ್ಲಿ ದೊಡ್ಡ ಗಂಟೆಯೊಂದೇ ಸುಮಾರು 1,320 ಕೆಜಿ. ಐದೂ ಸೇರಿ ನಾಲ್ಕೂಕಾಲು ಟನ್. ಇಂಗ್ಲೆಂಡಿನಲ್ಲಿ ಇವತ್ತು ಬಾರಿಸುವ ಐದು ಗಂಟೆಗಳ ಗುಂಪುಗಳಲ್ಲಿ ಇದೇ ಅತಿ ಭಾರದ್ದು ಅನ್ನುತ್ತಾರೆ. ಅಷ್ಟು ಭಾರದ ಕಂಚು ಒಬ್ಬ ಮನುಷ್ಯನ ಸೊಂಟದ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಒಂದು ಕ್ಷಣ ಮೈಮರೆಯುವ ಹಾಗಿಲ್ಲ.

ಈಗ ನಾನು ಹೇಳಬೇಕೆಂದಿದ್ದ ವಿಷಯ. ಈ ಪಂಜರ ಮೊದಲು ಚರ್ಚಿನ ಪೂರ್ವಕ್ಕಿತ್ತು. 17ನೇ ಶತಮಾನದಲ್ಲಿ ಪಕ್ಕದ ಓಲ್ಡ್ ಹಾಲ್ ಬಂಗಲೆಯಲ್ಲಿದ್ದವರು ಸದ್ದು ಜಾಸ್ತಿ ಅಂತ ತಕರಾರು ತೆಗೆದರಂತೆ. ಊರವರು ಏನು ಮಾಡಿದರು ನೋಡಿ. ಇಡೀ ಪಂಜರವನ್ನೇ ಅಲ್ಲಿಂದ ಈಗಿನ ಜಾಗಕ್ಕೆ ಸಾಗಿಸಿದರು. ಗಂಟೆ ಮಾತ್ರ ನಿಲ್ಲಿಸಲಿಲ್ಲ. ನೆಮ್ಮದಿ ಕೇಳಿದವರ ಮಾತಿಗೂ ಬೆಲೆ ಸಿಕ್ಕಿತು, ಗಂಟೆಯೂ ಉಳಿಯಿತು. ಇವತ್ತಿನ ಜಗಳಗಳೂ ಹೀಗೇ ಮುಗಿಯಲಿ ಅನ್ನೋದು ನನ್ನ ಆಸೆ. ರಾತ್ರಿ ಹೊತ್ತು ತಾಸಿಗೊಮ್ಮೆ ಹೊಡೆಯುವ ಗಡಿಯಾರದ ಗಂಟೆ ಬೇಡ ಅಂದರೆ ಒಪ್ಪೋಣ. ಅಭ್ಯಾಸದ ದಿನ ಗೋಪುರದ ಕಿಂಡಿಗೆ ಹಲಗೆ ಮುಚ್ಚಿ ಅಂದರೆ ಅದೂ ಸರಿ. ಪೂರ್ತಿ ನಿಲ್ಲಿಸಿ ಅನ್ನೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಪೂರ್ತಿ ನಿಂತರೆ ಹೇಗಿರುತ್ತದೆ ಅಂತ ಆ ದೇಶ ನೋಡಿದೆ. ಎರಡನೇ ಮಹಾಯುದ್ಧದ ಹೊತ್ತು, 1940ರ ಜೂನ್‌ನಲ್ಲಿ, ದೇಶದ ಎಲ್ಲ ಚರ್ಚ್ ಗಂಟೆಗಳನ್ನೂ ನಿಲ್ಲಿಸಿದರು. ಶತ್ರು ಬಂದಿಳಿದರೆ ಮಾತ್ರ ಬಾರಿಸಬೇಕು ಅಂತ ಆಜ್ಞೆ. ಈಜಿಪ್ಟಿನ ಎಲ್ ಅಲಮೇನ್ ಕದನ ಗೆದ್ದ ಮೇಲೆ, 1942ರ ನವೆಂಬರ್ 15ರಂದು, ಒಂದು ಭಾನುವಾರದ ಮಟ್ಟಿಗೆ ಊರೂರಿನ ಗಂಟೆಗಳು ಮತ್ತೆ ಮೊಳಗಿದವು. ಎರಡು ವರ್ಷಕ್ಕೂ ಮೀರಿ ಆ ಸದ್ದೇ ಇಲ್ಲದೆ ಇದ್ದವರಿಗೆ ಅವತ್ತು ಹೇಗನಿಸಿರಬೇಡ, ಅಲ್ವಾ?

ನನಗೆ ದೂರಿಗಿಂತ ಹೆಚ್ಚು ಭಯ ಇರೋದು ಕಲಿಯುವವರು ಸಿಗದೆ ಹೋಗುವುದರ ಬಗ್ಗೆ. ಒಂದು ಗಂಟೆಯನ್ನು ಹಿಡಿತಕ್ಕೆ ತಂದುಕೊಳ್ಳಲು ವಾರಗಟ್ಟಲೆ ಬೇಕು. ಐದು ಗಂಟೆಗಳಲ್ಲಿ ಯಾವುದರ ಹಿಂದೆ ಯಾವುದು ಅನ್ನುವ ಸಾಲನ್ನು ಬದಲಿಸುತ್ತಾ, ಒಂದು ಸಲ ಬಂದ ಸಾಲು ಮತ್ತೆ ಬರದ ಹಾಗೆ 120 ಬಗೆಯಲ್ಲಿ ಬಾರಿಸಬಹುದು. ಕೈಯಲ್ಲಿ ಕಾಗದ ಇಟ್ಟುಕೊಳ್ಳದೆ, ಎಲ್ಲ ನೆನಪಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಹೀಗೆ ಗಂಟೆ ಬಾರಿಸುತ್ತಿದ್ದವರು ಸುಮಾರು 1,400 ಮಂದಿ ಸತ್ತರು. ಆ ಯುದ್ಧ ಮುಗಿದು ನೂರು ವರ್ಷವಾಗುವ 2018ರ ಹೊತ್ತಿಗೆ ಅಷ್ಟೇ ಹೊಸಬರು ಬೇಕು ಅಂತ ದೇಶಕ್ಕೆಲ್ಲ ಕರೆ ಕೊಟ್ಟರು. ಅದಕ್ಕಿಂತ ಜಾಸ್ತಿ ಜನ ಬಂದರು. ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಗೆಳೆಯರು ಕಾನ್‌ಸ್ಟೇಬಲ್ ಬರೆದ ಗಿರಣಿ, ಹೊಳೆ ನೋಡೋಕೆ ಈಸ್ಟ್ ಬರ್ಗೋಲ್ಟ್ ಪಕ್ಕದ ಫ್ಲಾಟ್‌ಫರ್ಡ್‌ಗೆ ಹೋಗಿ ಫೋಟೊ ಹಾಕುತ್ತಿರುತ್ತಾರೆ. ಮುಂದಿನ ಸಲ ಭಾನುವಾರ ಬೆಳಿಗ್ಗೆಯೇ ಹೊರಡಿ. ಮೊದಲು ಚರ್ಚಿನ ಅಂಗಳಕ್ಕೆ ಹೋಗಿ ಆ ಪಂಜರದ ಪಕ್ಕ ನಿಲ್ಲಿ. ಮಕ್ಕಳನ್ನೂ ಕರಕೊಂಡು ಹೋಗಿ. ಪಟ್ಟಿಗಳ ಸಂದಿಯಿಂದ ಒಳಗೆ ನೋಡೋಕೆ ಹೇಳಿ.