ನಮ್ಮನೇಲಿ ಏನೂ ಎಸೆಯಲ್ಲ ಸ್ವಾಮಿ

ಹಳೆ ಕಾರನ್ನು ಬಿಚ್ಚಿ, ತಿದ್ದಿ, ಜೋರಾಗಿ ಓಡೋ ಹಾಗೆ ಮಾಡಿದರೆ ಅದಕ್ಕೆ ಹಾಟ್ ರಾಡ್ ಅಂತಾರೆ. ಅದನ್ನು ಕಟ್ಟೋರ ಮೂಲ ಮಂತ್ರ ಒಂದೇ: ಬೇಡದ್ದನ್ನೆಲ್ಲ ಕಿತ್ತು ಎಸಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಕ್ಕ ಹಳೆ ಫೋರ್ಡ್ ಕಾರು ತರೋರು, ಮಡ್‌ಗಾರ್ಡ್ ಬಿಚ್ಚೋರು, ಬಂಪರ್ ಬಿಚ್ಚೋರು, ಎಷ್ಟು ಭಾರ ಇಳಿಸೋಕಾಗುತ್ತೋ ಅಷ್ಟೂ ಇಳಿಸಿ, ಮುರಾಕ್ ಅನ್ನೋ ಒಣಗಿದ ಕೆರೆಯ ಅಂಗಳದಲ್ಲಿ ಓಡಿಸೋರು. ಒಣ ಕೆರೆ ಸಿಕ್ಕರೆ ಅವರು ರೇಸ್ ಮಾಡಿದರು. ನಾವು ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದೆವು, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ ಕಟ್ಟಿದೆವು. ಅವರವರ ಅಭಿರುಚಿ.

ಅವರ ಕೈಗೆ ಸಿಕ್ಕ 1932ರ ಫೋರ್ಡ್ ವಿ8ನಲ್ಲಿ 3.6 ಲೀಟರ್ ಇಂಜಿನ್, 65 ಹಾರ್ಸ್ ಪವರ್. ನನಗೂ ಒಂದು ಹಾಟ್ ರಾಡ್ ಕಟ್ಟೋ ಆಸೆ, ಕೈಗೆ ಸಿಕ್ಕಿದ್ದು ದೊಡ್ಡಪ್ಪನ 1970ರ ಫಿಯೆಟ್ 1100 ಡಿಲೈಟ್. 1089 ಸಿಸಿ, ಹೊಸದರಲ್ಲಿ ಸುಮಾರು 40 ಹಾರ್ಸ್ ಪವರ್. ಈಗ ಆ 40ರಲ್ಲಿ ಎಷ್ಟು ಕುದುರೆ ಬದುಕಿವೆಯೋ ದೇವರೇ ಬಲ್ಲ. ಆದರೆ ನೋಡೋಕೆ ಲಕ್ಷಣವಾಗಿದೆ. ಎಂವೈ ಅಂತ ಶುರುವಾಗೋ ನಂಬರ್ ಪ್ಲೇಟು, ಅಂದ್ರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡೋಕೆ ಮುಂಚಿನದು. ಇದೇ ಗಾಡಿ ಮುಂದೆ ಪದ್ಮಿನಿ ಅನ್ನೋ ಹೆಸರಲ್ಲಿ ದೇಶ ತುಂಬ ಓಡಾಡಿತು. ಚಾಮರಾಜಪೇಟೆಯ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ಮಲಗಿದ್ದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹನುಮಂತನಗರಕ್ಕೆ ತಂದೆವು. ದಾರೀಲಿ ಸಿಗ್ನಲ್‌ಗೆ ನಿಂತಾಗಲೆಲ್ಲ ಯಾರಾದರೂ ಒಬ್ಬರು ಹೆಲ್ಮೆಟ್ ಗ್ಲಾಸ್ ಎತ್ತಿ, "ಕೊಡ್ತೀರಾ ಸಾರ್?" ಅನ್ನೋರು. ಹಳೆ ಫಿಯೆಟ್ ಕಂಡರೆ ಬೆಂಗಳೂರಿನವರಿಗೆ ಸುಮ್ನೆ ಹೋಗೋಕೆ ಬರಲ್ಲ. ಕೊಳ್ಳೋದೂ ಇಲ್ಲ.

ನಮ್ಮದು 30-40ರ ಸೈಟು. ಕಾರು ಹದಿಮೂರು ಅಡಿ ಉದ್ದ, ಪೋರ್ಟಿಕೋ ಹದಿನಾಲ್ಕು. ಉಳಿದ ಒಂದು ಅಡಿಯಲ್ಲಿ ನಾನು, ಟಿಂಕರಿಂಗ್ ಭಾಯ್, ಅವರ ಗ್ಯಾಸ್ ಸಿಲಿಂಡರು, ಅಮ್ಮನ ತುಳಸಿ ಕಟ್ಟೆ.

ಕಿತ್ತು ಹಾಕೋ ಕೆಲಸ ಜೋರಾಗಿಯೇ ಶುರುವಾಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿ ಡೀಸೆಲ್ ಬಿಟ್ಟು ನೆನೆಸೋದು, ಬೆಳಗ್ಗೆ ಸ್ಪ್ಯಾನರ್ ಹಾಕಿ ತಿರುಗಿಸೋದು, ಬೋಲ್ಟ್ ಬಿಟ್ಟು ಮಿಕ್ಕಿದ್ದೆಲ್ಲ ತಿರುಗೋದು. ಅಂತೂ ಹಿಂದಿನ ಬಂಪರ್ ಬಂತು. ಗೇಟಿನ ಪಕ್ಕ ಒರಗಿಸಿ ಗುಜರಿಯವನಿಗೆ ಫೋನ್ ಮಾಡಿದೆ. ಅವನು ತಕ್ಕಡಿ ಹಿಡಿದು ಬರೋಷ್ಟರಲ್ಲಿ ಬಂಪರ್ ಇಲ್ಲ. ಹಿತ್ತಲಲ್ಲಿ ಎರಡು ಮೊಳೆಯ ಮೇಲೆ ನೇತಾಡುತ್ತಿದೆ, ಅದರ ಮೇಲೆ ಅಪ್ಪನ ಟವಲ್ಲು. "ಕ್ರೋಮು ಕಣೋ, ತುಕ್ಕು ಹಿಡಿಯಲ್ಲ, ಈಗಿನ ಕಾಲದಲ್ಲಿ ಇಂಥದ್ದು ಎಲ್ಲಿ ಸಿಗುತ್ತೆ" ಅಂದರು ಅಮ್ಮ.

ಆಮೇಲೆ ನಾನು ಬಿಚ್ಚೋದು, ಅಮ್ಮ ಎತ್ತಿಡೋದು. ಮೇಲಿನ ಕ್ಯಾರಿಯರ್ ದಾಸವಾಳದ ಕುಂಡಗಳಿಗೆ ಸ್ಟ್ಯಾಂಡ್ ಆಯಿತು. ಏರ್ ಕ್ಲೀನರ್ ಮುಚ್ಚಳದಲ್ಲಿ ಬೀದಿ ನಾಯಿಗೆ ನೀರು. ವ್ಹೀಲ್ ಕಪ್ಪುಗಳನ್ನು ಸೋಪಿನ ಪುಡಿ ಹಾಕಿ ಉಜ್ಜಿ, ಮೇಲೆ ಬಿಳಿ ಬಟ್ಟೆ ಹಾಸಿ, ತಾರಸಿ ಮೇಲೆ ಸಂಡಿಗೆ ಒಣಗಿಸಿದರು. ಒಳಗಡೆ ಫಿಯೆಟ್ ಅನ್ನೋ ಅಕ್ಷರ ಉಬ್ಬಿರುತ್ತಲ್ಲ, ಆ ಸಲದ ಅರಳು ಸಂಡಿಗೆಯಲ್ಲಿ ಕೆಲವಕ್ಕೆ ಎಫ್, ಕೆಲವಕ್ಕೆ ಟಿ ಅಚ್ಚು ಬಿದ್ದಿತ್ತು.

ಎಲ್ಲಕ್ಕಿಂತ ದೊಡ್ಡ ಗಲಾಟೆ ಮುಂದಿನ ಸೀಟಿನದು. ಈ ಕಾರಿನಲ್ಲಿ ಹ್ಯಾಂಡಲ್ ಗೇರು, ಸ್ಟೇರಿಂಗ್ ಪಕ್ಕದಲ್ಲೇ ಇರುತ್ತೆ. ನಡುವೆ ಗೇರ್ ಕಡ್ಡಿ ಇಲ್ಲದ್ದರಿಂದ ಮುಂದೆ ಒಂದೇ ಉದ್ದ ಸೀಟು, ಮೂರು ಜನ ಆರಾಮಾಗಿ ಕೂರಬಹುದು. ಕೆಂಪು ರೆಕ್ಸಿನ್, ಒಳಗೆ ನಾರು, ಅದರ ಕೆಳಗೆ ಸ್ಪ್ರಿಂಗು. ಎಡಗಡೆಯ ಒಂದು ಸ್ಪ್ರಿಂಗ್ ಸ್ವಲ್ಪ ಸೆಟೆದುಕೊಂಡಿದೆ, ಅಲ್ಲಿ ಕೂತರೆ ಮನುಷ್ಯ ತಾನಾಗೇ ಬಲಕ್ಕೆ ವಾಲುತ್ತಾನೆ. ಅದನ್ನು ಇಳಿಸಿ ಜಗಲಿ ಮೇಲೆ ಇಟ್ಟಿದ್ದೆ ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ಎದುರು ಮನೆ ರಾಯರು, ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರು, ನಮ್ಮಪ್ಪ ಮೂವರೂ ಸಾಲಾಗಿ ಕೂತು ಪ್ರಜಾವಾಣಿಯ ಒಂದೊಂದು ಹಾಳೆ ಹಂಚಿಕೊಂಡಿದ್ದಾರೆ. ಮೇಷ್ಟ್ರು ಎಡಗಡೆ. ಸ್ಪ್ರಿಂಗ್ ದೆಸೆಯಿಂದ ಇಡೀ ಪೇಪರು ಅವರಿಗೆ ರಾಯರ ಹೆಗಲ ಮೇಲಿಂದಲೇ ಓದೋಕೆ ಸಿಗುತ್ತಿತ್ತು.

ಕಾರಿಗೆ ಬದಲಿ ಸೀಟು ಬೇಕಲ್ಲ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಎರಡು ಬಕೆಟ್ ಸೀಟು ತಂದೆ. ಸ್ಪೋರ್ಟ್ಸ್ ಕಾರಿಂದೇ ಅಂತ ಅಂಗಡಿಯವನು ಆಣೆ ಮಾಡಿದ. ಯಾವ ಸ್ಪೋರ್ಟ್ಸು ಅಂತ ಮಾತ್ರ ಹೇಳಲಿಲ್ಲ. ಫಿಟ್ ಮಾಡಿ ಅಪ್ಪನನ್ನು ಕೂರಿಸಿದರೆ ತಲೆ ಟಾಪಿಗೆ ತಾಗಿ ಕತ್ತು ಪಕ್ಕಕ್ಕೆ ವಾಲಿತು. "ಚೆನ್ನಾಗಿದೆಯಪ್ಪ, ಆದರೆ ನಂಗೆ ಬಲಗಡೆ ರೋಡು ಮಾತ್ರ ಕಾಣುತ್ತೆ" ಅಂದರು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಕಾರು ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿದೆ, ಚಕ್ರಗಳು ರಿಪೇರಿಗೆ ಅಂತ ಜೆ.ಸಿ. ರೋಡಿನಲ್ಲಿವೆ. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡೋದು? ಇದರ ಬಗ್ಗೆ ಜಗಲಿಯ ಸೀಟಿನ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಪೂಜೆ ಗಾಡಿಗೋ ಚಕ್ರಕ್ಕೋ ಅಂತ ಮೇಷ್ಟ್ರು ಮೂಲಕ್ಕೇ ಕೈ ಹಾಕಿದರು. ಕೊನೆಗೆ ಅಮ್ಮ, "ಇವತ್ತಲ್ಲ ನಾಳೆ ಇಳಿಯುತ್ತಲ್ಲ, ಆಗ ಒಡೆಯುತ್ತೆ" ಅಂತ ನಾಲ್ಕು ಬ್ರೇಕ್ ಡ್ರಮ್ಮಿನ ಕೆಳಗೆ ಒಂದೊಂದು ಇಟ್ಟರು. ನಾಳೆ ಅನ್ನೋದು ಬರೋ ಹೊತ್ತಿಗೆ ಅವು ಒಣಗಿ ಗೋಲಿಯಾಗಿದ್ದವು, ಮೇಲೆ ಕಾರು ಇಳಿದರೂ ಒಡೆಯಲಿಲ್ಲ.

ಇಂಜಿನ್ ಕಥೆ ಬೇರೆ. ರೀಬೋರ್ ಆಯಿತು, ರಿಂಗ್ ಹೊಸದು, ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದದ್ದಾಯಿತು, ಪಾಯಿಂಟ್ ಸೆಟ್ಟಿಂಗ್ ಆಯಿತು. ಪ್ಲಗ್ ವೈರ್ ಚುಚ್ಚೋ ಕೆಲಸ ತಂಗಿ ಮಗ ವಹಿಸಿಕೊಂಡ. ಈ ಇಂಜಿನ್ನಿನ ನಾಲ್ಕು ಸಿಲಿಂಡರಿನಲ್ಲಿ ಬೆಂಕಿ ಹೊತ್ತಿಕೊಳ್ಳೋ ಸರದಿ 1-3-4-2. ಹುಡುಗ ಎರಡನೇ ಕ್ಲಾಸು, ಆಗ ತಾನೇ ಎಣಿಕೆಯಲ್ಲಿ ಹತ್ತಕ್ಕೆ ಹತ್ತು ತಗೊಂಡು ಬಂದಿದ್ದ, 1-2-3-4 ಅಂತ ನೀಟಾಗಿ ಚುಚ್ಚಿದ. ನಾನು ಚೋಕ್ ಎಳೆದು ಸೆಲ್ಫ್ ಹೊಡೆದೆ.

ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರು ನಾಲ್ಕನೇ ಅಧ್ಯಾಯಕ್ಕೆ ಬಂದಿದ್ದರಂತೆ, ಪ್ರಸಾದ ತಗೊಳ್ಳದೆ ಓಡಿ ಬಂದ ಕಲಾವತಿಯ ಕಣ್ಣೆದುರೇ ಹಡಗು ಮುಳುಗಬೇಕು. ಸರಿಯಾಗಿ ಅಲ್ಲಿಗೆ ನಮ್ಮ ಸೈಲೆನ್ಸರಿನಿಂದ ಢಮ್ ಅಂತ ಒಂದು ಶಬ್ದ, ಹಿಂದೆಯೇ ಕಪ್ಪು ಹೊಗೆ, ಮಾವಿನ ಮರದ ಕಾಗೆಗಳೆಲ್ಲ ಗಾಳಿಗೆ. ಬೈಯೋಕೆ ಬರುತ್ತಾರೆ ಅಂತ ನಾನು ಕಾರಿನ ಹಿಂದೆ ಕೂತೆ. ಬಂದಿದ್ದು ಸಜ್ಜಿಗೆ. ಪೂಜೆಗೆ ಬಂದವರಲ್ಲಿ ಒಬ್ಬರೂ ಪ್ರಸಾದ ಬಿಟ್ಟು ಏಳಲಿಲ್ಲವಂತೆ, ಇಷ್ಟು ವರ್ಷದಲ್ಲಿ ಇದೇ ಮೊದಲು ಅಂತ ಪುರೋಹಿತರು ಖುಷಿಯಾಗಿದ್ದರಂತೆ.

ರಾಯರ ಜೊತೆ ಮಾತ್ರ ಸ್ವಲ್ಪ ದಿನ ಮುಖ ಕೊಡೋಕಾಗಲಿಲ್ಲ. ಬಾಡಿಗೆ ರೆಡ್ ಆಕ್ಸೈಡ್ ಪ್ರೈಮರ್ ಸ್ಪ್ರೇ ಮಾಡೋ ದಿನ ಗಾಳಿ ಪಶ್ಚಿಮಕ್ಕೆ ಬೀಸುತ್ತಿತ್ತು, ಪಶ್ಚಿಮಕ್ಕೆ ರಾಯರ ಮಲ್ಲು ಪಂಚೆಗಳು ಒಣಗುತ್ತಿದ್ದವು. ಅವು ತಿಳಿ ಕಾವಿ ಬಣ್ಣಕ್ಕೆ ತಿರುಗಿದವು. ಮಾರನೇ ದಿನ ಅವರು ಅದನ್ನೇ ಉಟ್ಟು ಗಾಂಧಿ ಬಜಾರಿಗೆ ಹೋಗಿದ್ದಾರೆ, ಹೂವಿನವಳು ಕೈ ಮುಗಿದು ಒಂದು ಮೊಳ ಜಾಸ್ತಿ ಕೊಟ್ಟಳಂತೆ. ಅಲ್ಲಿಂದ ಮುಂದೆ ಅವರು ಆ ವಿಷಯ ಎತ್ತಲಿಲ್ಲ. ಪಂಚೆಯನ್ನೂ ಬಿಡಲಿಲ್ಲ.

ಇನ್ನು ಉಳಿದಿದ್ದು ಟಾಪ್ ಕತ್ತರಿಸೋದು. ಹಾಟ್ ರಾಡ್‌ಗೆ ಅದೇ ಕಳೆ: ಕಂಬಗಳನ್ನು ಕುಯ್ದು ಟಾಪನ್ನು ನಾಲ್ಕೈದು ಇಂಚು ಇಳಿಸಿಬಿಟ್ಟರೆ ಗಾಡಿ ಹುಬ್ಬು ಗಂಟಿಕ್ಕಿದ ಹಾಗೆ ಕಾಣುತ್ತೆ. ಭಾಯ್ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಟಿಂಗ್ ಟಾರ್ಚ್ ಹಚ್ಚಿ ನಿಂತರು. ಆಗ ಅಪ್ಪ ಒಂದು ಫೈಲ್ ತಂದರು. ನಮ್ಮಪ್ಪ ಸರ್ಕಾರಿ ಕೆಲಸದಲ್ಲಿದ್ದವರು, ಫೈಲ್ ಇಲ್ಲದೆ ಜಗಳಕ್ಕೆ ಬರಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ರೂಪ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಟಾಪ್ ಕುಯ್ದರೆ ಈ ಕಾರು ಪೋರ್ಟಿಕೋದಲ್ಲೇ ಖಾಯಂ. ಅದೇ ಫೈಲಿನ ಮುಂದಿನ ಹಾಳೆಯಲ್ಲಿ 2021ರ ನಿಯಮ. 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ಅಂತ ರಿಜಿಸ್ಟ್ರೇಷನ್ ಮಾಡಿಸಬಹುದು, ಹಳೆ ನಂಬರೂ ಉಳಿಯುತ್ತೆ. ಆದರೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಮಾತ್ರ.

"ಈ ಕಾರು ಇನ್ನೆಲ್ಲಿಗೆ ಹೋಗುತ್ತೆ ಹೇಳು" ಅಂದರು ಅಪ್ಪ. ಮಾತು ಸರಿಯಾಗೇ ಇತ್ತು.

ಭಾಯ್ ಟಾರ್ಚ್ ಆರಿಸಿದರು. ಸೀಮೆಸುಣ್ಣದ ಗೆರೆ ಒರೆಸಿದೆವು. ಮೂಲ ರೂಪ ಅಂದ ಮೇಲೆ ಎಲ್ಲ ವಾಪಸ್ ಬರಬೇಕು. ಅಮೆರಿಕದವನಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಅವನು ಎಸೆದಿರುತ್ತಿದ್ದ. ನಮ್ಮ ಮನೆಯಲ್ಲಿ ಒಂದು ಸ್ಕ್ರೂ ಕಳೆದಿಲ್ಲ, ಎಲ್ಲ ಕೆಲಸದಲ್ಲಿದೆ. ಅದೇ ಕಷ್ಟ. ಟವಲ್ಲಿಗೆ ಬೇರೆ ಸರಳು ಹಾಕಿಸಿ ಬಂಪರ್ ಬಿಡಿಸಿಕೊಂಡೆ. ದಾಸವಾಳಕ್ಕೆ ಲಾಲ್‌ಬಾಗ್ ಫ್ಲವರ್ ಶೋದಿಂದ ಸ್ಟ್ಯಾಂಡ್ ಬಂತು. ವ್ಹೀಲ್ ಕಪ್ಪುಗಳನ್ನು ಅಮ್ಮ ಬೇಸಿಗೆ ಮುಗಿದ ಮೇಲೆ ಕೊಡುತ್ತಾರೆ.

ಸೀಟಿನ ವಿಷಯ ಎತ್ತಿದಾಗ ಜಗಲಿಯ ಮೂವರೂ ಒಟ್ಟಿಗೆ ಪೇಪರ್ ಕೆಳಗಿಳಿಸಿದರು. ಮೇಷ್ಟ್ರು ಸ್ವಲ್ಪ ಯೋಚಿಸಿ, ಆರ್‌ಟಿಓ ಇನ್‌ಸ್ಪೆಕ್ಷನ್ ಇರೋ ದಿನ ಬೆಳಗ್ಗೆ ಹತ್ತಕ್ಕೆ ತಗೊಂಡು ಹೋಗಿ ಸಂಜೆ ನಾಲ್ಕರೊಳಗೆ ತಂದಿಡೋದಾದರೆ ತಮ್ಮ ಅಭ್ಯಂತರ ಇಲ್ಲ ಅಂದರು. ಎಡಗಡೆ ಸ್ಪ್ರಿಂಗ್ ಮಾತ್ರ ಯಾರೂ ಮುಟ್ಟಬಾರದಂತೆ.