ಠಾಣೆ ಬಂತು, ದೂರು ಯಾರು ಕೊಡಬೇಕು?

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರವು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಅಡಿಯಲ್ಲಿ 33 ವಿಶೇಷ ಪೊಲೀಸ್ ಠಾಣೆಗಳನ್ನು ತೆರೆಯಿತು. ಪೊಲೀಸರೂ ದಲಿತ ಸಂಘಟನೆಗಳವರೂ ಡಿಸಿಆರ್‌ಇ ಎಂದೇ ಕರೆಯುವ ಈ ಸಂಸ್ಥೆ 1970ರ ದಶಕದಿಂದ ನಮ್ಮ ನಡುವೆ ಇದ್ದರೂ, ಅದು ಏನು ಮಾಡುತ್ತದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಅದಕ್ಕೆ ಕಾರಣವೂ ಇದೆ. ಹಳ್ಳಿಯೊಂದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ದೌರ್ಜನ್ಯ ನಡೆದರೆ ಎಫ್‌ಐಆರ್ ದಾಖಲಾಗುತ್ತಿದ್ದುದು ಅಲ್ಲಿನ ಸಾಮಾನ್ಯ ಠಾಣೆಯಲ್ಲಿ, ತನಿಖೆ ನಡೆಸುತ್ತಿದ್ದುದು ಆ ಉಪವಿಭಾಗದ ಡಿವೈಎಸ್‌ಪಿ. ನಿರ್ದೇಶನಾಲಯದ ಅಧಿಕಾರಿಗಳು ಸ್ಥಳಕ್ಕೆ ಹೋಗಬಹುದಿತ್ತು, ಪ್ರಕರಣ ಎಲ್ಲಿಗೆ ಬಂತೆಂದು ವಿಚಾರಿಸಬಹುದಿತ್ತು, ಮೇಲಿನವರಿಗೆ ವರದಿ ಬರೆಯಬಹುದಿತ್ತು. ಇದರ ಜೊತೆಗೆ ಸುಳ್ಳು ಜಾತಿ ಪ್ರಮಾಣಪತ್ರಗಳ ವಿಚಾರಣೆಯ ಹೊರೆಯೂ ಅವರ ಮೇಲಿತ್ತು. ಹಕ್ಕುಗಳನ್ನು ಜಾರಿ ಮಾಡಬೇಕಾದ ಸಂಸ್ಥೆಗೆ ಮೊಕದ್ದಮೆಯನ್ನು ತಾನೇ ದಾಖಲಿಸಿ ತನಿಖೆ ಮಾಡುವ ಅಧಿಕಾರ ಸಿಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಮಧ್ಯಪ್ರದೇಶ, ಬಿಹಾರಗಳಲ್ಲಿ ಇಂಥ ಠಾಣೆಗಳು ಬಹಳ ಹಿಂದೆಯೇ ಇದ್ದವು ಎಂಬುದನ್ನು ನೆನೆದರೆ, ಸಾಮಾಜಿಕ ನ್ಯಾಯದಲ್ಲಿ ನಾವೇ ಮುಂದು ಎಂಬ ನಮ್ಮ ಅಭಿಮಾನ ಸ್ವಲ್ಪ ಕುಗ್ಗಬೇಕು.

ಆದರೂ ಈ ಕ್ರಮವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಉಪವಿಭಾಗದ ಡಿವೈಎಸ್‌ಪಿಗೆ ಜಾತ್ರೆ, ಚುನಾವಣೆ, ಮಂತ್ರಿಗಳ ಪ್ರವಾಸ, ಪ್ರತಿಭಟನೆ ಎಲ್ಲದರ ಬಂದೋಬಸ್ತೂ ಬೇಕು. ದೌರ್ಜನ್ಯ ತಡೆ ಕಾಯ್ದೆಯಡಿ 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕೆಂಬ ನಿಯಮವನ್ನು ಆ ಗಡಿಬಿಡಿಯಲ್ಲಿ ಪಾಲಿಸುವುದು ಕಷ್ಟ. ತಡವಾದ ಒಂದೊಂದು ವಾರವೂ ಹಳ್ಳಿಯಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಮೊದಲು ಎದುರು ಪಕ್ಷದಿಂದ ಪ್ರತಿದೂರು ಬೀಳುತ್ತದೆ, ಆಮೇಲೆ ಯಜಮಾನರು ರಾಜಿಗೆ ಕೂರಿಸುತ್ತಾರೆ, ಅಷ್ಟಕ್ಕೂ ಬಗ್ಗದಿದ್ದರೆ ಕೂಲಿಗೆ ಕರೆಯುವುದು ನಿಲ್ಲುತ್ತದೆ. ಬೇರೆ ಹೊರೆಗಳಿಲ್ಲದ, ಸ್ಥಳೀಯ ಒತ್ತಡಗಳಿಂದ ಒಂದಿಷ್ಟು ದೂರವಿರುವ ಠಾಣೆಯೊಂದು ಈ ಅವಧಿಯನ್ನು ಕಡಿಮೆ ಮಾಡಿದರೂ ಅದು ದೊಡ್ಡ ಉಪಕಾರವೇ.

ನನ್ನ ತಕರಾರು ಬೇರೆ ಕಡೆ ಇದೆ. ಠಾಣೆ ಹೊಸದಾದರೂ ಅದರ ಬಾಗಿಲಿಗೆ ನಡೆದು ಬರಬೇಕಾದವನು ಹಳಬನೇ. ಅವಮಾನಕ್ಕೆ ಒಳಗಾದವನು, ನಾಳೆ ಅದೇ ಊರಿನಲ್ಲಿ ನೀರು, ಕೂಲಿ, ಸಾಲ, ದಾರಿ ಎಲ್ಲಕ್ಕೂ ಅದೇ ಜನರನ್ನು ಅವಲಂಬಿಸಬೇಕಾದವನು, ಮೊದಲ ಹೆಜ್ಜೆಯನ್ನು ತಾನೇ ಇಡಬೇಕು. ಆ ಹೆಜ್ಜೆಯನ್ನು ಅವನ ಪರವಾಗಿ ಇಡುವುದು ಇಂಥ ಸಂಸ್ಥೆಯ ಮೊದಲ ಕರ್ತವ್ಯ ಎಂಬುದು ನನ್ನ ಅಭಿಪ್ರಾಯ.

2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ನಡೆದದ್ದನ್ನು ಅನೇಕರು ಮರೆತಿರಲಾರರು. ಹೊರಗೆ ನಿಂತು ಕೈಮುಗಿಯುತ್ತಿದ್ದ ತಂದೆಯ ಬಳಿಯಿಂದ ಎರಡು ವರ್ಷದ ಮಗುವೊಂದು ಗುಡಿಯೊಳಕ್ಕೆ ಓಡಿತು. ಶುದ್ಧೀಕರಣದ ಹೆಸರಿನಲ್ಲಿ ಆ ಕುಟುಂಬಕ್ಕೆ ಸಾವಿರಾರು ರೂಪಾಯಿ ದಂಡ ಹೇರಲು ಊರಿನ ಕೆಲವರು ಹೊರಟರು. ಸುದ್ದಿ ನಾಡೆಲ್ಲ ಹರಡಿದರೂ ಕುಟುಂಬ ದೂರು ಕೊಡಲು ಮುಂದೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಪಟ್ಟಣದಲ್ಲಿ ಕುಳಿತು ಕೇಳುವುದು ಸುಲಭ. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೊಬ್ಬರು ತಾವೇ ದೂರುದಾರರಾದರು, ಪ್ರಕರಣ ದಾಖಲಾಯಿತು, ಬಂಧನಗಳೂ ಆದವು. ಇದಕ್ಕೆ ಹೊಸ ಕಾನೂನೇನೂ ಬೇಕಾಗಲಿಲ್ಲ. ಈ ಅಪರಾಧಗಳು ಸಂಜ್ಞೇಯವಾಗಿರುವುದರಿಂದ ಮಾಹಿತಿ ಸಿಕ್ಕ ಕೂಡಲೇ ಪೊಲೀಸರು ತಾವಾಗಿ ಮೊಕದ್ದಮೆ ಹೂಡಬಹುದು. ಆದರೆ ಇದು ನಡೆಯುವುದು ಟೀವಿಯವರು ಊರಿಗೆ ಬಂದಾಗ ಮಾತ್ರ. ಮರುವರ್ಷ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆಯ ನೀರನ್ನು ಖಾಲಿ ಮಾಡಿ ತೊಳೆದಾಗಲೂ ಆಡಳಿತ ಎಚ್ಚೆತ್ತದ್ದು ವಿಷಯ ಹೊರಬಿದ್ದ ಮೇಲೆಯೇ. ಹೊರಬೀಳದ ತೊಂಬೆಗಳ ಲೆಕ್ಕ ಯಾರ ಬಳಿ ಇದೆ?

ಈ ಲೆಕ್ಕ ಇಡಬೇಕೆಂದು ಕಾನೂನೇ ಹೇಳುತ್ತದೆ ಎಂಬುದು ವಿಚಿತ್ರವಾದರೂ ಸತ್ಯ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ ಸೇರಿಸಿದ 15ಎ ಪ್ರಕರಣವು, ಅಸ್ಪೃಶ್ಯತೆಯ ಆಚರಣೆ ಇರುವ ಪ್ರದೇಶಗಳನ್ನು ಗುರುತಿಸುವುದು ಮತ್ತು ಕಾಯ್ದೆ ಹೇಗೆ ಜಾರಿಯಾಗುತ್ತಿದೆ ಎಂದು ಕಾಲಕಾಲಕ್ಕೆ ಸಮೀಕ್ಷೆ ಮಾಡುವುದು ರಾಜ್ಯ ಸರ್ಕಾರದ ಕ್ರಮಗಳಲ್ಲಿ ಸೇರಬಹುದೆಂದು ವಿವರಿಸುತ್ತದೆ. 1995ರ ದೌರ್ಜನ್ಯ ತಡೆ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೌರ್ಜನ್ಯಕ್ಕೆ ಈಡಾಗುವ ಪ್ರದೇಶಗಳನ್ನು ಗುರುತಿಸಿ ಸಮೀಕ್ಷಿಸುವ ಕೆಲಸವನ್ನು ಪೊಲೀಸ್ ಕೇಂದ್ರಸ್ಥಾನದ ಸಂರಕ್ಷಣಾ ಘಟಕಕ್ಕೇ ಒಪ್ಪಿಸುತ್ತವೆ. ಅಂದರೆ ದೂರಿಗಾಗಿ ಕಾಯದೆ ಊರೂರು ತಿರುಗಿ ನೋಡುವುದು ಈ ವ್ಯವಸ್ಥೆಯ ಕಲ್ಪನೆಯಲ್ಲೇ ಇದೆ. ಯಾವ ಊರಿನ ಹೋಟೆಲಿನಲ್ಲಿ ಬೇರೆ ಲೋಟವಿದೆ, ಯಾವ ಕ್ಷೌರದಂಗಡಿ ಯಾರಿಗೆ ಮುಚ್ಚಿದೆ ಎಂಬುದನ್ನು ತಿಳಿಯಲು ಗೂಢಚಾರರ ಅಗತ್ಯವಿಲ್ಲ. ಸಮವಸ್ತ್ರ ತೊಡದ ಇಬ್ಬರು ಪೇದೆಗಳು ಬೆಳಿಗ್ಗೆ ಹೋಗಿ ಚಹಾ ಕೇಳಿದರೆ ಸಾಕು.

ಇದು ನನ್ನ ಕನಸಿನ ಮಾತಲ್ಲ. ಅಮೆರಿಕದ ಸಿಯಾಟಲ್ ನಗರದ ನಾಗರಿಕ ಹಕ್ಕುಗಳ ಕಚೇರಿ ಬಾಡಿಗೆ ಮನೆಗಳ ವಿಷಯದಲ್ಲಿ ಇದನ್ನೇ ಮಾಡಿದೆ. ಒಂದೇ ತೆರನ ಆದಾಯ, ಒಂದೇ ತೆರನ ಹಿನ್ನೆಲೆಯಿರುವ, ಆದರೆ ಬೇರೆ ಬೇರೆ ಜನಾಂಗಗಳ ಪರೀಕ್ಷಕರನ್ನು ಒಂದೇ ಮನೆ ಕೇಳಲು ಕಳುಹಿಸಿ, ಯಾರಿಗೆ ಯಾವ ಉತ್ತರ ಸಿಕ್ಕಿತೆಂದು ದಾಖಲಿಸಿ, ತಾರತಮ್ಯ ಕಂಡಲ್ಲಿ ತಾನೇ ಕ್ರಮ ಆರಂಭಿಸಿದೆ. ಅದೇ ನಗರ 2023ರ ಫೆಬ್ರುವರಿಯಲ್ಲಿ ಜಾತಿ ಆಧಾರಿತ ತಾರತಮ್ಯವನ್ನು ನಿಷೇಧಿಸಿ, ಹಾಗೆ ಮಾಡಿದ ಅಲ್ಲಿನ ಮೊದಲ ನಗರವಾಯಿತು.

ಆ ದೇಶದಲ್ಲಿ ಈ ಪರಂಪರೆ ಕೆಳಗಿನಿಂದ ಮೇಲಕ್ಕೆ ಬೆಳೆದದ್ದು. ಒಕ್ಕೂಟ ಸರ್ಕಾರ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಮಾಡುವುದಕ್ಕೆ 19 ವರ್ಷ ಮೊದಲೇ ನ್ಯೂಯಾರ್ಕ್ ರಾಜ್ಯವು ಉದ್ಯೋಗದಲ್ಲಿನ ತಾರತಮ್ಯವನ್ನು ತಡೆಯುವ ಕಾನೂನನ್ನೂ ಅದನ್ನು ಜಾರಿ ಮಾಡುವ ಆಯೋಗವನ್ನೂ ಹೊಂದಿತ್ತು. ಕ್ಯಾಲಿಫೋರ್ನಿಯಾ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಯಂತೂ ನಮ್ಮವರಿಗೆ ಪರಿಚಿತ. ಅಲ್ಲಿನ ಕನ್ನಡಿಗ ಎಂಜಿನಿಯರುಗಳ ಮನೆಗಳಲ್ಲಿ ಜೋರು ಚರ್ಚೆಯಾದ, ಸಿಸ್ಕೊ ಎಂಬ ತಂತ್ರಜ್ಞಾನ ಕಂಪನಿಯ ಮೇಲಿನ ಪ್ರಕರಣವನ್ನು 2020ರಲ್ಲಿ ಹೂಡಿದ್ದು ಅದೇ. ದಲಿತ ಎಂಜಿನಿಯರೊಬ್ಬರಿಗೆ ಮೇಲ್ಜಾತಿಯ ಮೇಲಧಿಕಾರಿಗಳಿಂದ ಅನ್ಯಾಯವಾಯಿತೆಂಬ ಆ ಮೊಕದ್ದಮೆಯಲ್ಲಿ ಆ ವ್ಯಕ್ತಿಯ ಹೆಸರು ಹೊರಗೆ ಬರಲಿಲ್ಲ, ವಾದಿಯ ಸ್ಥಾನದಲ್ಲಿ ನಿಂತದ್ದು ರಾಜ್ಯದ ಇಲಾಖೆಯೇ. ನೌಕರನೊಡನೆ ಆಗಿರುವ ಒಪ್ಪಂದದಂತೆ ವಿವಾದ ಖಾಸಗಿ ಮಧ್ಯಸ್ಥಿಕೆಗೆ ಹೋಗಬೇಕೆಂದು ಕಂಪನಿ ವಾದಿಸಿದಾಗ, ಆ ಒಪ್ಪಂದಕ್ಕೆ ಸಹಿ ಹಾಕದ ಇಲಾಖೆಯನ್ನು ಅದು ಕಟ್ಟಿಹಾಕುವುದಿಲ್ಲ ಎಂದು 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನನಗೆ ಈ ಇಡೀ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಒಬ್ಬ ನೌಕರನನ್ನು ಬಾಯಿ ಮುಚ್ಚಿಸಬಲ್ಲ ಕಾಗದ, ಸರ್ಕಾರದ ಸಂಸ್ಥೆ ತಾನೇ ವಾದಿಯಾಗಿ ನಿಂತಾಗ ಬಲ ಕಳೆದುಕೊಳ್ಳುತ್ತದೆ.

ಅದೇ ಇಲಾಖೆ ಎಡವಿದ್ದನ್ನೂ ಹೇಳಬೇಕು. 2023ರ ಏಪ್ರಿಲ್‌ನಲ್ಲಿ ಅದು ಸಿಸ್ಕೊದ ಆ ಇಬ್ಬರು ಮೇಲಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ತಾನಾಗಿ ಹಿಂತೆಗೆದುಕೊಂಡು, ಕಂಪನಿಯ ಮೇಲಿನದನ್ನು ಮಾತ್ರ ಉಳಿಸಿಕೊಂಡಿತು. ಅಷ್ಟು ಹೊತ್ತಿಗೆ ಅವರ ಹೆಸರುಗಳು ಮೂರು ವರ್ಷ ಕಾಲ ಜಗತ್ತಿನ ಪತ್ರಿಕೆಗಳಲ್ಲಿ ಓಡಾಡಿದ್ದವು. ತಾನಾಗಿ ಮುನ್ನುಗ್ಗುವ ಅಧಿಕಾರವಿರುವ ಸಂಸ್ಥೆಗೆ ಸಾಕ್ಷ್ಯವನ್ನು ಅಳೆದು ತೂಗುವ ತಾಳ್ಮೆಯೂ ಬೇಕೆಂಬುದನ್ನು ನಮ್ಮ ಹೊಸ ಠಾಣೆಗಳು ಇಲ್ಲಿಂದ ಕಲಿಯಬಹುದು.

ಇಷ್ಟು ಹೇಳಿದೊಡನೆ ಏಳುವ ಆಕ್ಷೇಪ ನನಗೆ ಗೊತ್ತು. ಅಟ್ರಾಸಿಟಿ ಕೇಸುಗಳಲ್ಲಿ ಬಹಳಷ್ಟು ಸುಳ್ಳು, ಅದಕ್ಕೇ ಶಿಕ್ಷೆಯಾಗುವುದು ಕಡಿಮೆ ಎನ್ನುತ್ತಾರೆ. ಸುಳ್ಳು ದೂರುಗಳು ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ, ಯಾವ ಕಾನೂನಿನಡಿಯಲ್ಲಿ ಅವಿಲ್ಲ? ಆದರೆ ಬಿಡುಗಡೆಯಾದ ಮಾತ್ರಕ್ಕೆ ಘಟನೆಯೇ ನಡೆದಿಲ್ಲ ಎನ್ನುವವರು ಕಂಬಾಲಪಲ್ಲಿಯನ್ನು ನೆನೆಯಬೇಕು. 2000ದ ಮಾರ್ಚ್‌ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ಮಂದಿ ದಲಿತರು ಸುಟ್ಟು ಸತ್ತರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಬೆಂಕಿ ಸುಳ್ಳಾಗಿರಲಿಲ್ಲ. ಇನ್ನೊಂದು ಕಡೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರಲ್ಲಿ ಬಹುಪಾಲು ಜನರಿಗೆ ಮೇಲ್ಮನವಿಯ ಹಂತದಲ್ಲಿ ಜಾಮೀನು ಸಿಕ್ಕಿರುವುದರಿಂದ ಕೊನೆಯ ಮಾತನ್ನು ಈಗಲೇ ಆಡುವಂತಿಲ್ಲ. ಆದರೆ ಸಾಕ್ಷಿಗಳು ಗಟ್ಟಿಯಾಗಿ ನಿಂತ ಕಡೆ ಮತ್ತು ನಿಲ್ಲಲಾಗದ ಕಡೆ ಫಲಿತಾಂಶ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೆ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಸಾಕ್ಷಿಗಳ ಮತ್ತು ಸಂತ್ರಸ್ತರ ಹಕ್ಕುಗಳಿಗೆಂದೇ ಒಂದು ಅಧ್ಯಾಯವನ್ನು ಸೇರಿಸಿದೆ. ಹೊಸ ಠಾಣೆಗಳ ಕೆಲಸವನ್ನು ದೋಷಾರೋಪ ಪಟ್ಟಿಗಳ ಸಂಖ್ಯೆಯಿಂದ ಅಳೆಯುವ ಬದಲು, ಕೊನೆಯ ತನಕ ನಿಂತ ಸಾಕ್ಷಿಗಳ ಸಂಖ್ಯೆಯಿಂದ ಅಳೆಯುವುದು ಉತ್ತಮ.

ಇನ್ನು ಪಟ್ಟಣದ ಮಾತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಅಡ್ಡಹೆಸರು, ಊರು, ಊಟದ ಪದ್ಧತಿ ವಿಚಾರಿಸಿ ಆಮೇಲೆ ಮನೆ ಬೇರೆಯವರಿಗೆ ಕೊಟ್ಟಾಯಿತು ಎನ್ನುವ ಮಾಲೀಕರು ಯಾರಿಗೆ ಗೊತ್ತಿಲ್ಲ? ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ನಿರಾಕರಿಸುವುದು 1955ರ ಕಾಯ್ದೆಯ 4ನೇ ಪ್ರಕರಣದಲ್ಲೇ ಅಪರಾಧ. ಆದರೆ ಅದಕ್ಕಿರುವ ಶಿಕ್ಷೆ ಒಂದರಿಂದ ಆರು ತಿಂಗಳ ಸೆರೆವಾಸ ಮತ್ತು 100ರಿಂದ 500 ರೂಪಾಯಿ ದಂಡ. ಮನೆ ಸಿಗದವನಿಗೆ ಬೇಕಾದದ್ದು ಮಾಲೀಕನ ಸೆರೆವಾಸ ಅಲ್ಲ, ಮನೆ ಅಥವಾ ಪರಿಹಾರ. ಮುಸ್ಲಿಮನಿಗೋ ಲಿಂಗತ್ವ ಅಲ್ಪಸಂಖ್ಯಾತರಿಗೋ ಇದೇ ಅನುಭವವಾದರೆ ಈ ಠಾಣೆಯ ಬಾಗಿಲು ಅವರಿಗಲ್ಲ. ಮಾನವ ಹಕ್ಕುಗಳ ಆಯೋಗ, ಮಹಿಳಾ ಆಯೋಗ, ಅಲ್ಪಸಂಖ್ಯಾತರ ಆಯೋಗ, ಅಂಗವಿಕಲ ವ್ಯಕ್ತಿಗಳ ಆಯುಕ್ತರು ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಚೇರಿ ಇದ್ದು, ಬಹುತೇಕ ಎಲ್ಲವೂ ಶಿಫಾರಸು ಬರೆದು ಕೈತೊಳೆದುಕೊಳ್ಳುತ್ತವೆ. ಎಲ್ಲ ತಾರತಮ್ಯಗಳನ್ನೂ ಒಟ್ಟಿಗೆ ನೋಡುವ ಸಮಾನ ಅವಕಾಶ ಆಯೋಗ ಬೇಕೆಂದು, ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ದೆಹಲಿ ಅದನ್ನು ಮಾಡಲಿಲ್ಲ. ನ್ಯೂಯಾರ್ಕ್ ವಾಷಿಂಗ್ಟನ್ನಿಗಾಗಿ ಕಾಯದಂತೆ ಕರ್ನಾಟಕವೂ ಕಾಯಬೇಕಾಗಿಲ್ಲ. ನೋಟಿಸು ಕೊಟ್ಟು ವಿಚಾರಣೆ ನಡೆಸಿ ಪರಿಹಾರ ಕೊಡಿಸುವ ಸಿವಿಲ್ ಅಧಿಕಾರದ ಸಂಸ್ಥೆಯೊಂದನ್ನು ವಿಧಾನಸಭೆಯೇ ರಚಿಸಬಹುದು.

ಅದು ದೂರದ ಕೆಲಸವಾದರೆ, ಹತ್ತಿರದ್ದು ಒಂದಿದೆ. 1995ರ ನಿಯಮಗಳ ಪ್ರಕಾರ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಸೇರಬೇಕು. ಮುಂದಿನ ಸಭೆಗೆ 33 ಠಾಣೆಗಳೂ ಎರಡು ಸಂಖ್ಯೆಗಳನ್ನು ತರಲಿ: ಯಾರೂ ದೂರು ಕೊಡದಿದ್ದರೂ ತಾವಾಗಿ ದಾಖಲಿಸಿದ ಪ್ರಕರಣಗಳೆಷ್ಟು, ಸಮೀಕ್ಷೆಗೆಂದು ಹೋಗಿ ಬಂದ ಊರುಗಳೆಷ್ಟು. ಆ ಪಟ್ಟಿಯನ್ನು ತಾಲ್ಲೂಕುವಾರು ಸಾರ್ವಜನಿಕರ ಮುಂದೆ ಇಡಲಿ.